ಐಷಾರಾಮಿ ಬೋಗಿಯ ಹಿಂದೆ ಜನರಲ್ ಬೋಗಿಯೂ ಇರಲಿ

ಬೆಟ್ಟಂಪಾಡಿ, ಇರ್ದೆ, ಪಾಣಾಜೆ ಕಡೆಯವರು ಬೆಂಗಳೂರಿಗೆ ರೈಲು ಹತ್ತುವುದು ಕಬಕ ಪುತ್ತೂರಿನಲ್ಲಿ. ಈ ದಾರಿಯ ಹಗಲು ರೈಲಿಗೆ 2021ರ ಜುಲೈಯಲ್ಲಿ ವಿಸ್ಟಾಡೋಮ್ ಬೋಗಿ ಬಂತು. ಅಗಲ ಕಿಟಕಿ, ಚಾವಣಿಯಲ್ಲೂ ಗಾಜು, ಬೇಕಾದತ್ತ ತಿರುಗಿಸಬಹುದಾದ 44 ಆಸನ.

ರೈಲಿನಲ್ಲಿ ಇಂಥ ಐಷಾರಾಮ ಹೊಸತಲ್ಲ. ದೇಶದಲ್ಲಿ ನಗರದಿಂದ ನಗರಕ್ಕೆ ಓಡುವ ಐಷಾರಾಮಿ ರೈಲಿಗೆ ದಾರಿ ತೋರಿದ್ದು ‘ಡೆಕ್ಕನ್ ಕ್ವೀನ್’. 1930ರ ಜೂನ್ 1ರಂದು ಮುಂಬಯಿ–ಪುಣೆ ನಡುವೆ ಹೊರಟಾಗ ಅದರಲ್ಲಿದ್ದದ್ದು ಮೊದಲನೆಯ ಮತ್ತು ಎರಡನೆಯ ದರ್ಜೆ ಮಾತ್ರ. ಮೂರನೆಯ ದರ್ಜೆಯವರು ಹತ್ತಲು 1955ರವರೆಗೆ ಕಾಯಬೇಕಾಯಿತು. ನಮ್ಮ ರಾಜ್ಯದ ‘ಗೋಲ್ಡನ್ ಚಾರಿಯಟ್’ ಓಡಾಟ ಶುರುವಾದದ್ದು 2008ರಲ್ಲಿ. ಹಂಪಿಯ ಕಲ್ಲಿನ ರಥದ ನೆನಪಿನ ಹೆಸರು. ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟರಂಥ ರಾಜವಂಶಗಳ ಹೆಸರು. ಅದರ ಟಿಕೆಟು ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ.

ಪುತ್ತೂರಿನ ಹಗಲು ರೈಲಿನ ಹಿರಿಮೆ ಇರುವುದು ಇಲ್ಲೇ. ಗಾಜಿನ ಬೋಗಿ, ಜನರಲ್ ಬೋಗಿ ಎರಡೂ ಇರುವುದು ಒಂದೇ ರೈಲಿನಲ್ಲಿ. ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣ ದಾಟಿದರೆ ಸಕಲೇಶಪುರದವರೆಗೆ ಸುಮಾರು 55 ಕಿ.ಮೀ. ಘಟ್ಟ, 57 ಸುರಂಗ. ಪ್ರತಿ 50 ಮೀಟರಿಗೆ ಒಂದು ಮೀಟರಿನಷ್ಟು ಏರುವ ಕಡಿದಾದ ಹಳಿ. ಹಾಗಾಗಿ ರೈಲು ನಿಧಾನಕ್ಕೇ ಹತ್ತಬೇಕು. ಸಿರಿಬಾಗಿಲು, ಎಡಕುಮರಿಯ ಕಾಡು, ಮಳೆಗಾಲದ ತೊರೆಗಳು ಎರಡೂ ಬೋಗಿಯವರಿಗೆ ಕಣ್ತುಂಬ ಸಿಗುತ್ತವೆ.

ಈ ಭಾಗ್ಯ ಸುಲಭವಾಗಿ ದಕ್ಕಿದ್ದಲ್ಲ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಬ್ರಾಡ್ ಗೇಜ್ ಕೆಲಸಕ್ಕೆಂದು 1996ರಲ್ಲಿ ಘಟ್ಟದ ಓಡಾಟ ನಿಂತಿತು. ಗೂಡ್ಸ್ ರೈಲು 2006ರಲ್ಲಿ ಬಂದರೂ ಪ್ರಯಾಣಿಕರ ರೈಲು ಮರಳಿದ್ದು 2007ರ ಡಿಸೆಂಬರ್‌ನಲ್ಲಿ. ಬೆಂಗಳೂರಿಗೆ ಓದಲು ಹೊರಟವರು, ಆಸ್ಪತ್ರೆಗೆ ಹೊರಟವರು ಅಷ್ಟೂ ವರ್ಷ ಘಾಟಿ ರಸ್ತೆಯ ತಿರುವುಗಳಲ್ಲಿ ಬಸ್ಸಿನಲ್ಲೇ ಹೋಗಿಬಂದರು. ಅವರಿಗೆ ರೈಲು ಇರುವುದೇ ದೊಡ್ಡ ಸುಖ.

ಹೊಸ ರೈಲು ಬರಲಿ, ವೇಗವೂ ಸೌಕರ್ಯವೂ ಹೆಚ್ಚಲಿ. ಆದರೆ ಅದು ಕಬಕ ಪುತ್ತೂರಿನಲ್ಲಿ, ನೆಟ್ಟಣದಲ್ಲಿ ನಿಲ್ಲಬೇಕು; ಜನರಲ್ ಬೋಗಿಯನ್ನು ಕಳಚದೆ ಬರಬೇಕು. ಡೆಕ್ಕನ್ ಕ್ವೀನ್ 25 ವರ್ಷ ತಡವಾಗಿ ತೆರೆದ ಬಾಗಿಲು ನಮ್ಮ ಘಟ್ಟದ ರೈಲಿನಲ್ಲಿ ಈಗಾಗಲೇ ತೆರೆದಿದೆ. ಅದನ್ನು ಮುಚ್ಚಗೊಡಬಾರದು.