ತಲಪರಿಗೆ: ಪಂಪ್ ಇಲ್ಲದ ನೀರಾವರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂದ ತಕ್ಷಣ ನಮಗೆ ನೆನಪಾಗೋದು ಮಧುಗಿರಿಯ ಏಕಶಿಲಾ ಬೆಟ್ಟ, ಬರಗಾಲ, ಈಗೀಗ ಪಾವಗಡದ ಸೋಲಾರ್ ಪಾರ್ಕ್. ಆದರೆ ಕರೆಂಟೇ ಇಲ್ಲದ ಕಾಲದಲ್ಲಿ ಇದೇ ತಾಲ್ಲೂಕುಗಳ ಎಷ್ಟೋ ಹೊಲಗಳಿಗೆ ನೀರು ತಾನಾಗೇ ಹರಿದು ಬರ್ತಿತ್ತು. ಆ ವ್ಯವಸ್ಥೆಯ ಹೆಸರು ತಲಪರಿಗೆ.

ತಲಪರಿಗೆ ಅಂದ್ರೆ ಒರತೆ. ಮಳೆ ನೀರು ಹಳ್ಳದ, ಕೆರೆಯಂಗಳದ ಮರಳಿನಲ್ಲಿ ಇಂಗುತ್ತೆ. ಕೆಳಗೆ ಗಟ್ಟಿ ಬಂಡೆ ಇರೋದ್ರಿಂದ ಹೆಚ್ಚು ಆಳಕ್ಕೆ ಹೋಗದೆ, ಇಳಿಜಾರಿನ ಕಡೆ ಮರಳಿನೊಳಗೇ ನಿಧಾನವಾಗಿ ಸಾಗುತ್ತೆ. ನೀರು ಮೇಲೆ ಸಿಗುವ ಜಾಗ ನೋಡಿ ಗುಂಡಿ ತೋಡಿ, ಅಲ್ಲಿಂದ ಕಾಲುವೆ ತೆಗೀತಿದ್ರು. ಕಾಲುವೆಯ ಇಳಿಜಾರು ಹಳ್ಳದ ಇಳಿಜಾರಿಗಿಂತ ಕಡಿಮೆ. ಹಾಗಾಗಿ ಸ್ವಲ್ಪ ದೂರ ಹೋದ ಮೇಲೆ ನೀರು ನೆಲದ ಮಟ್ಟಕ್ಕೆ ಬಂದು ಗದ್ದೆ ಸೇರುತ್ತೆ. ಪಂಪ್ ಬೇಡ, ಗುರುತ್ವಾಕರ್ಷಣೆ ಸಾಕು.

1856ರಲ್ಲಿ ಫ್ರಾನ್ಸಿನ ಎಂಜಿನಿಯರ್ ಡಾರ್ಸಿ ಮರಳಿನಲ್ಲಿ ನೀರು ಹರಿಯುವ ನಿಯಮ ಬರೆದ. ನಮ್ಮ ರೈತರಿಗೆ ಸೂತ್ರ ಗೊತ್ತಿರಲಿಲ್ಲ, ಇಳಿಜಾರಿನ ಲೆಕ್ಕ ಮಾತ್ರ ಚೆನ್ನಾಗಿ ಗೊತ್ತಿತ್ತು.

ಈ ವ್ಯವಸ್ಥೆಯ ಶಕ್ತಿಯೇ ಅದರ ದೌರ್ಬಲ್ಯ ಕೂಡ. ಅಂತರ್ಜಲ ಕಾಲುವೆಯ ತಳಕ್ಕಿಂತ ಒಂದಡಿ ಕೆಳಗಿಳಿದರೂ ಹರಿವು ಪೂರ್ತಿ ಸೊನ್ನೆ. ಬೋರ್‌ವೆಲ್‌ಗಳು ನೀರಿನ ಮಟ್ಟ ಇಳಿಸಿದವು. ಮರಳು ಸಾಗಿಸಿದವರು ನೀರು ಹಿಡಿದಿಡುವ ಟ್ಯಾಂಕನ್ನೇ ಲಾರಿಗೆ ತುಂಬಿದರು. ಸ್ವಂತ ಬೋರ್ ಇದ್ದವರಿಗೆ ಎಲ್ಲರ ಜೊತೆ ಸೇರಿ ಕಾಲುವೆಯ ಹೂಳು ತೆಗೆಯೋ ಅಗತ್ಯವೂ ಉಳಿಯಲಿಲ್ಲ.

ಹಾಗಾದ್ರೆ ಇಂಥ ಪರಂಪರೆಯನ್ನ ಉಳಿಸೋದು ಹೇಗೆ? ಕೋಟೆಗೆ ಹಾಕಿದ ಹಾಗೆ ಬೇಲಿ ಹಾಕಿ, ಬೋರ್ಡ್ ನೆಟ್ಟರೆ ಆಗಲ್ಲ. ಇರಾನಿನ ಭೂಗತ ಕಾಲುವೆಗಳಾದ ಕನಾತ್‌ಗಳು 2016ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಅಲ್ಲೂ ಕಾಲುವೆ ಜೀವಂತವಾಗಿರೋದು ಹೂಳು ತೆಗೆದು, ನೀರನ್ನ ಸರದಿ ಪ್ರಕಾರ ಹಂಚಿಕೊಂಡಾಗಲೇ. ತಲಪರಿಗೆ ಉಳಿಯಬೇಕಾದ್ರೆ ಮೊದಲು ಸುತ್ತಲಿನ ಮರಳು ಉಳಿಯಬೇಕು, ಬೋರ್‌ಗಳಿಗೆ ಮಿತಿ ಬೇಕು, ಹೂಳು ತೆಗೆಯೋ ಕೈಗಳು ಬೇಕು.

ನಮ್ಮಿಂದಲೂ ಒಂದು ಕೆಲಸ ಸಾಧ್ಯ. ಯಾವ ತಲಪರಿಗೆ ಎಲ್ಲಿತ್ತು, ಕಾಲುವೆ ಯಾವ ಕಡೆ ಹೋಗ್ತಿತ್ತು ಅನ್ನೋದು ಹಳ್ಳಿಯ ಹಿರಿಯರಿಗೆ ಗೊತ್ತು. ಸರ್ವೇ ಲ್ಯಾಬ್‌ನಲ್ಲಿ ಲೆವೆಲ್ ನೋಡೋದು ನಮಗೆ ಗೊತ್ತು. ಆ ಕಡೆಯ ಊರಿನವರು ನಿಮ್ಮ ಕ್ಲಾಸ್‌ನಲ್ಲಿದ್ರೆ ಮುಂದಿನ ರಜೆಯಲ್ಲಿ ಅವರ ಜೊತೆ ಹೋಗಿ, ಅಜ್ಜಂದಿರನ್ನ ಕೇಳಿ, ಅಳೆದು ನಕ್ಷೆ ಮಾಡಿ. ಜಾಗವೇ ಮರೆತುಹೋದ ಮೇಲೆ ಹೂಳು ತೆಗೆಯೋದಾದ್ರೂ ಎಲ್ಲಿ?