ಲ್ಯಾಬಿನ ಬೀಗ, ಮಾಸ್ತರರ ಸಹಿ

ಧಾರವಾಡದ ಸತ್ತೂರಿನಲ್ಲಿ ಚಿಗರಿ ಬಸ್ ಹತ್ತಿದರೆ ಬಿಳಿ ಏಪ್ರನ್ ಮಡಚಿ ತೋಳಿಗೆ ಹಾಕಿಕೊಂಡ ಹುಡುಗ ಹುಡುಗಿಯರು ಸಿಕ್ಕೇ ಸಿಗುತ್ತಾರೆ. ಎಸ್‌ಡಿಎಂ ಮೆಡಿಕಲ್ ಕಾಲೇಜು ಇಲ್ಲೇ ಇದೆಯಲ್ಲ. ನಾನು ನಿವೃತ್ತ ಕೆಮಿಸ್ಟ್ರಿ ಮಾಸ್ತರ ಎಂದು ಗೊತ್ತಾದ ಮೇಲೆ ಒಬ್ಬ ಹುಡುಗ ಮೊನ್ನೆ ಕೇಳಿಯೇ ಬಿಟ್ಟ: "ಸರ, ಆ ಎಂಡಿ ಪೌಡರ್ ನಿಮಗೂ ಮಾಡಾಕ ಬರತೈತೇನ್ರಿ?" ಪಕ್ಕದವಳು ಅವನ ಪಕ್ಕೆಗೆ ತಿವಿದಳು. ಮೂವತ್ತು ವರ್ಷದ ನೌಕರಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ಹುಡುಗನದೇನೂ ತಪ್ಪಿಲ್ಲ. ಕೆಮಿಸ್ಟ್ರಿ ಮಾಸ್ತರನೊಬ್ಬ ಮೆಥ್ ಎಂಬ ಮಾದಕವಸ್ತುವಿನ ತಯಾರಕನಾಗುವ 'ಬ್ರೇಕಿಂಗ್ ಬ್ಯಾಡ್' ಟೀವಿ ಸರಣಿ 2013ಕ್ಕೇ ಮುಗಿದಿದ್ದರೂ ಹಾಸ್ಟೆಲ್ಲುಗಳಲ್ಲಿ ಇನ್ನೂ ಓಡುತ್ತಿದೆ. ಅದರ ಜೊತೆಗೆ ಸುದ್ದಿಗಳೂ ಬಂದವು. 2025ರ ಜುಲೈನಲ್ಲಿ ರಾಜಸ್ಥಾನದ ಶ್ರೀಗಂಗಾನಗರದ ಒಂದು ಬಾಡಿಗೆ ಫ್ಲ್ಯಾಟಿನ ಮೇಲೆ ಮಾದಕವಸ್ತು ನಿಯಂತ್ರಣ ದಳ ಎನ್‌ಸಿಬಿ ದಾಳಿ ಮಾಡಿತು. ಸಿಕ್ಕಿಬಿದ್ದವರಲ್ಲಿ ಒಬ್ಬರು ಸರ್ಕಾರಿ ಶಾಲೆಯ ವಿಜ್ಞಾನ ಶಿಕ್ಷಕ, ಇನ್ನೊಬ್ಬರು ಫಿಸಿಕ್ಸ್ ಕಲಿಸಿದವರು. ಫ್ಲ್ಯಾಟಿನಲ್ಲಿ 780 ಗ್ರಾಂ ಮೆಫೆಡ್ರೋನ್ ಸಿಕ್ಕಿತು. ಅದೇ ಎಂಡಿ; ಮುಂಬೈಯಲ್ಲಿ ಅದಕ್ಕೆ 'ಮಿಯಾಂವ್ ಮಿಯಾಂವ್' ಎಂಬ ಮುದ್ದಿನ ಹೆಸರೂ ಇತ್ತು. ಫಿಸಿಕ್ಸಿನವರೂ ಇದಕ್ಕೆ ಇಳಿದರಲ್ಲ ಎಂದು ನನಗೆ, ಸುಳ್ಳೇಕೆ, ಸ್ವಲ್ಪ ಸೋಜಿಗವೇ ಆಯಿತು.

ಕಾಲೇಜಿನ ಕಥೆ ಅಮೆರಿಕದ್ದು. ಅರ್ಕಾನ್ಸಾ ರಾಜ್ಯದ ಹೆಂಡರ್ಸನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 2019ರ ಅಕ್ಟೋಬರಿನಲ್ಲಿ ವಿಜ್ಞಾನ ಕಟ್ಟಡದ ತುಂಬ ರಾಸಾಯನಿಕದ ವಾಸನೆ ಹಬ್ಬಿತು. ಕಟ್ಟಡಕ್ಕೆ ಬೀಗ ಹಾಕಿ ಗಾಳಿ ಪರೀಕ್ಷೆ ಮಾಡಿದರೆ ಬೆಂಜೈಲ್ ಕ್ಲೋರೈಡ್ ಮಿತಿಮೀರಿತ್ತು. ಮುಂದಿನ ತಿಂಗಳು ಮೆಥ್ ತಯಾರಿಸಿದ ಆರೋಪದ ಮೇಲೆ ಅಲ್ಲಿನ ಇಬ್ಬರು ಕೆಮಿಸ್ಟ್ರಿ ಪ್ರಾಧ್ಯಾಪಕರ ಬಂಧನವಾಯಿತು.

ವಾಸನೆ ಎಂದಾಗ ನನಗೆ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ನೆನಪಾಗುತ್ತಾರೆ. ಅವರೂ ಕಾಲೇಜು ಮಾಸ್ತರರೇ, ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನವರು. ಅವರೂ ಬಾಡಿಗೆ ಮನೆಯಲ್ಲಿಯೇ 'ಡ್ರಗ್ಸ್' ತಯಾರಿಸಿದರು. 1892ರಲ್ಲಿ 700 ರೂಪಾಯಿ ಹಾಕಿ ಆರಂಭಿಸಿದ ಆ ಉದ್ಯೋಗವೇ ಮುಂದೆ ಬೆಂಗಾಲ್ ಕೆಮಿಕಲ್ಸ್ ಆಯಿತು. ಫಾಸ್ಫೇಟಿಗೆಂದು ಮಾಳಿಗೆಯ ಮೇಲೆ ಹರವಿದ್ದ ಎಲುಬುಗಳು ನಾರಿ, ಓಣಿಯವರೆಲ್ಲ ಜಗಳಕ್ಕೆ ಬಂದಿದ್ದರಂತೆ. ಅಲ್ಲಿಯೂ ಮಾಸ್ತರ, ಬಾಡಿಗೆ ಮನೆ, ದುರ್ವಾಸನೆ. ಆದರೆ ಅಲ್ಲಿ ಒಳಗೇನು ಕುದಿಯುತ್ತಿದೆ ಎಂದು ಓಣಿಗೆಲ್ಲ ಗೊತ್ತಿತ್ತು. ಶ್ರೀಗಂಗಾನಗರದಲ್ಲಿ ಅದೊಂದು ಗೊತ್ತಿರಲಿಲ್ಲ.

ಔಷಧ ಎಲ್ಲಿ ಮುಗಿದು ಅಮಲು ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಕೆಮಿಸ್ಟ್ರಿ ಪುಸ್ತಕ ಎಳೆಯುವುದಿಲ್ಲ, ಕಾನೂನು ಎಳೆಯುತ್ತದೆ. ನಮ್ಮ ರಾಯಚೂರಿನ ಕಡೆ ಸೇಂದಿಗೆ ಬೆರೆಸುವ ಸಿಎಚ್ ಪೌಡರ್ ನೋಡಿ. ಅದು ಕ್ಲೋರಲ್ ಹೈಡ್ರೇಟ್. ಅದನ್ನು ಮೊದಲು ತಯಾರಿಸಿದವರು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್. ವಿದ್ಯಾರ್ಥಿಗಳನ್ನು ಲ್ಯಾಬಿನಲ್ಲಿ ನಿಲ್ಲಿಸಿ ಅವರ ಕೈಯಿಂದಲೇ ಮಾಡಿಸಿ ಕಲಿಸುವ ರೂಢಿಗೆ ಗುರುವಾದವರೂ ಅವರೇ. 1869ರಿಂದ ಕ್ಲೋರಲ್ ಹೈಡ್ರೇಟ್ ವೈದ್ಯರು ಕೊಡುವ ನಿದ್ದೆಯ ಔಷಧ. ಇಂದು ಸೇಂದಿ ಅಂಗಡಿಯ ಕಳ್ಳಮಾಲು. ತೆಲಂಗಾಣದಲ್ಲಿ ಸೇಂದಿಗೆ ಅಲ್‌ಪ್ರಾಜೋಲಾಂ ಎಂಬ ಔಷಧ ಬೆರೆಸುತ್ತಾರೆ; 2025ರ ಸೆಪ್ಟೆಂಬರಿನಲ್ಲಿ ಅದನ್ನು ತಯಾರಿಸುತ್ತಿದ್ದ ಘಟಕವೊಂದು ಹೈದರಾಬಾದಿನ ಬೋವೆನ್‌ಪಲ್ಲಿಯ ಶಾಲೆಯ ಕಟ್ಟಡದೊಳಗೇ ಪತ್ತೆಯಾಯಿತು. ಮಕ್ಕಳು ಓದುತ್ತಿದ್ದ ಶಾಲೆ!

ಮಾಸ್ತರರಿಲ್ಲದೆಯೂ ಇದು ನಡೆಯುತ್ತದೆ ಎಂಬುದಕ್ಕೆ ಮೈಸೂರು ಸಾಕ್ಷಿ. ಅದೇ 2025ರ ಜುಲೈ ಕೊನೆಯಲ್ಲಿ ಮುಂಬೈನ ಸಾಕಿನಾಕಾ ಪೊಲೀಸರು ಜಾಡು ಹಿಡಿದು ಮೈಸೂರಿನವರೆಗೆ ಬಂದು ಎಂಡಿ ಕಾರ್ಖಾನೆ ಹಿಡಿದರು. ಮಾಲಿನ ಬೆಲೆ ಸುಮಾರು 390 ಕೋಟಿ ರೂಪಾಯಿ ಎಂದರು. ಮುಂಬೈಯವರು ಬಂದು ತೋರಿಸಬೇಕಾಯಿತಲ್ಲ, ಅದು ನನಗೆ ಹೆಚ್ಚು ಚುಚ್ಚಿದ್ದು.

ಕಾಯ್ದೆಯಂತೂ ಬಿಗಿಯಾಗಿಯೇ ಇದೆ. ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಮೆಫೆಡ್ರೋನ್ ಸೇರಿದ್ದು 2015ರಲ್ಲಿ. 50 ಗ್ರಾಂ ದಾಟಿದರೆ ಅದು ವಾಣಿಜ್ಯ ಪ್ರಮಾಣ. ಶಿಕ್ಷೆ ಕಡಿಮೆಯೆಂದರೆ 10 ವರ್ಷ, ಹೆಚ್ಚೆಂದರೆ 20. ಅಷ್ಟು ಮಾಲು ಸಿಕ್ಕಿದರೆ ಜಾಮೀನೂ ಸುಲಭಕ್ಕಿಲ್ಲ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆಯೆಂದು ನ್ಯಾಯಾಲಯಕ್ಕೇ ಅನಿಸಬೇಕು. ಆರೋಪ ಸುಳ್ಳೆಂದು ಸಾಬೀತಾಗುವವರೆಗೆ ಮನುಷ್ಯನ ಅರ್ಧ ಆಯುಷ್ಯ ಕೋರ್ಟಿನ ಮೆಟ್ಟಿಲ ಮೇಲೇ ಸವೆದಿರಬಹುದು. ಹೀಗಾಗಿ ಬಂಧನದ ದಿನವೇ 'ಡ್ರಗ್ ಮಾಸ್ತರ' ಎಂದು ಟೀವಿಯವರು ಕೂಗುವಾಗ ನಾನು ರಿಮೋಟ್ ಹುಡುಕುತ್ತೇನೆ.

ಲ್ಯಾಬಿನ ಒಳಗಿನದು ಬೇರೆಯದೇ ಮಾತು. ಪಿಪೆಟ್ ಒಡೆದ ಹುಡುಗನಿಂದ ಬ್ರೇಕೇಜ್ ದುಡ್ಡು ವಸೂಲಿ ಮಾಡುವುದರಲ್ಲಿ ನಾವು ಬಹಳ ಶಿಸ್ತಿನವರು. ಸ್ಪಿರಿಟ್ ತರಿಸಬೇಕಾದರೆ ಅಬಕಾರಿಯವರ ಪರವಾನಗಿ, ಅದಕ್ಕೊಂದು ರಿಜಿಸ್ಟರು. ಆಚೆ ಕಪಾಟಿನಲ್ಲಿ ಸಾಲಾಗಿ ನಿಂತ ಕಂದು ಬಾಟಲಿಗಳ ಲೆಕ್ಕ ಮಾತ್ರ ಒಬ್ಬ ಮಾಸ್ತರ, ಒಬ್ಬ ಅಟೆಂಡರ್, ಒಂದು ಬೀಗದ ಕೈ, ಇಷ್ಟರ ನಡುವೆ. ಯಾವುದು ಎಷ್ಟು ಖರ್ಚಾಯಿತು ಎಂದು ತನಿಖೆಗೆ ಬಂದವರು ಮೂಸಿಯೂ ನೋಡುವುದಿಲ್ಲ. ಅವರಿಗೆ ಬೇಕಾದದ್ದು ಸಹಿ.

ನಿವೃತ್ತಿಯ ದಿನ ಚಾರ್ಜ್ ಕೊಡುವಾಗ ನಾನೂ ಆ ಕಪಾಟಿನ ರಿಜಿಸ್ಟರ್ ತಿರುವಿ ಹಾಕಿದ್ದೆ. ಅರ್ಧ ಲೀಟರಿನ ಒಂದು ಬಾಟಲಿ ಲೆಕ್ಕಕ್ಕೆ ಸಿಗಲಿಲ್ಲ. ಷರಾ ಕಾಲಮ್ಮಿನಲ್ಲಿ 'ಚೆಲ್ಲಿದೆ' ಎಂದು ಬರೆದಿತ್ತು. ಎಂದು ಚೆಲ್ಲಿತು, ಯಾರ ಕೈಯಿಂದ ಚೆಲ್ಲಿತು, ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ. ಅದರ ಕೆಳಗಿದ್ದ ಸಹಿ ನನ್ನದೇ.