ಲೈಫ್‌ಬೋಟು ಸುರಕ್ಷಿತ ಜಾಗವೇ?

1941ರ ಮೇ 21. ಅಮೆರಿಕ ಆಗಿನ್ನೂ ಎರಡನೇ ಮಹಾಯುದ್ಧಕ್ಕೆ ಇಳಿದಿರಲಿಲ್ಲ. ನ್ಯೂಯಾರ್ಕಿನಿಂದ ದಕ್ಷಿಣ ಆಫ್ರಿಕಾದ ಕಡೆಗೆ ಹೊರಟಿದ್ದ ‘ರಾಬಿನ್ ಮೂರ್’ ಎಂಬ ಅಮೆರಿಕದ ಸರಕು ಹಡಗನ್ನು ಅಟ್ಲಾಂಟಿಕ್ ನಡುವೆ ಜರ್ಮನಿಯ ಸಬ್‌ಮರೀನ್ ಯು-69 ತಡೆಯಿತು. ಹಡಗಿನಲ್ಲಿ ಯುದ್ಧಸಾಮಗ್ರಿ ಇದೆ ಎಂಬುದು ಸಬ್‌ಮರೀನಿನ ಕ್ಯಾಪ್ಟನ್ ಯೋಸ್ಟ್ ಮೆಟ್ಸ್ಲರ್‌ನ ವಾದ. ಎಲ್ಲರೂ ದೋಣಿಗಿಳಿಯಲು ಸ್ವಲ್ಪ ಸಮಯ ಕೊಟ್ಟು, ಟಾರ್ಪೆಡೊ ಹೊಡೆದು, ಉಳಿದದ್ದನ್ನು ಫಿರಂಗಿಯಿಂದ ಮುಗಿಸಿದ. ಪುಟ್ಟ ಮಗುವೊಂದು ಸೇರಿ 46 ಜನ, ನಾಲ್ಕು ದೋಣಿ. ಪೂರ್ವಕ್ಕಿರುವ ಫ್ರೀಟೌನ್ ಬಂದರು ಸಾವಿರ ಕಿಲೋಮೀಟರಿಗೂ ಆಚೆ.

ಜೀವ ಉಳಿಸಿ ಕಳಿಸಿದನಲ್ಲ ಎನ್ನಬಹುದು. ಆದರೆ ಜರ್ಮನಿಯೂ ಒಪ್ಪಿದ್ದ 1936ರ ಲಂಡನ್ ಒಪ್ಪಂದ ಹಾಗೆ ಹೇಳುವುದಿಲ್ಲ. ಹತ್ತಿರ ದಡವೋ ಬೇರೆ ಹಡಗೋ ಇಲ್ಲದಿದ್ದರೆ ಲೈಫ್‌ಬೋಟನ್ನು ಸುರಕ್ಷಿತ ಜಾಗವೆಂದು ಎಣಿಸುವಂತಿಲ್ಲ ಎನ್ನುತ್ತದೆ ಅದು. ಇದು ಬರೀ ಕಾನೂನಿನ ಸೂಕ್ಷ್ಮವಲ್ಲ, ಮನುಷ್ಯದೇಹದ ಮಿತಿಯನ್ನು ಅರಿತ ಮಾತು.

ನೀರನ್ನೇ ನೋಡಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ಮೂತ್ರಪಿಂಡ ಒಂದು ಲೀಟರ್ ಮೂತ್ರದಲ್ಲಿ ಹೊರಹಾಕಬಲ್ಲದ್ದು ಹೆಚ್ಚೆಂದರೆ 20 ಗ್ರಾಮಿನ ಆಸುಪಾಸು. ಹಾಗಾಗಿ ಒಂದು ಲೀಟರ್ ಕುಡಿದವನ ದೇಹ ಆ ಉಪ್ಪನ್ನು ಕಳೆಯಲು ಒಂದೂವರೆ ಲೀಟರಿಗೂ ಹೆಚ್ಚು ನೀರು ಕಳೆದುಕೊಳ್ಳಬೇಕು. ಕುಡಿದಷ್ಟೂ ಒಣಗುತ್ತಾ ಹೋಗುತ್ತದೆ. ಸಮಭಾಜಕದ ಬಿಸಿಲಿನಲ್ಲಿ ಬೆವರಿನ ನಷ್ಟ ಬೇರೆ.

ಯಾರಾದರೂ ಬಂದು ಎತ್ತಿಕೊಂಡಾರು ಎಂದುಕೊಂಡರೆ, ಭೂಮಿಯ ಗುಂಡಗಿನ ಆಕಾರವೇ ಅಡ್ಡ. ದೋಣಿಯಲ್ಲಿ ಕುಳಿತವರ ಕಣ್ಣು ನೀರಿನಿಂದ ಒಂದೂವರೆ ಮೀಟರ್ ಮೇಲಿದ್ದರೆ, ಅವರ ದಿಗಂತ ನಾಲ್ಕೂವರೆ ಕಿಲೋಮೀಟರಿಗೆ ಮುಗಿಯಿತು. ಇಪ್ಪತ್ತು ಮೀಟರ್ ಎತ್ತರದಲ್ಲಿ ನಿಂತ ಹಡಗಿನ ಕಾವಲುಗಾರನಿಗೂ ಅದು ಸುಮಾರು 16 ಕಿಲೋಮೀಟರ್. ಅಷ್ಟರೊಳಗೆ ಬಂದರೂ ಅಲೆಗಳ ಮಧ್ಯೆ ಒಂದು ಚುಕ್ಕೆ ಅವನ ಕಣ್ಣಿಗೆ ಬೀಳಬೇಕು. ದೋಣಿಯೇನು ನಿಂತಲ್ಲೇ ನಿಲ್ಲುತ್ತದೆಯೇ? ಕೆಳಗೆ ಪ್ರವಾಹ ಎಳೆಯುತ್ತದೆ, ಮೇಲೆ ಗಾಳಿ ತಳ್ಳುತ್ತದೆ. ಎರಡು ದೋಣಿಗಳ ವೇಗದಲ್ಲಿ ಗಂಟೆಗೆ ಒಂದೇ ಕಿಲೋಮೀಟರ್ ವ್ಯತ್ಯಾಸವಿದ್ದರೂ ಒಂದು ದಿನದಲ್ಲಿ 24 ಕಿಲೋಮೀಟರ್ ದೂರವಾಗಿ, ಒಂದಕ್ಕೊಂದು ಕಾಣದಾಗುತ್ತವೆ.

ಇಲ್ಲೂ ಒಂದು ದೋಣಿ ಉಳಿದ ಮೂರರಿಂದ ಬೇರೆಯಾಯಿತು. ಮೂರು ದೋಣಿಗಳ 35 ಜನರನ್ನು 13ನೇ ದಿನದ ಹೊತ್ತಿಗೆ ಬ್ರಿಟಿಷ್ ಹಡಗೊಂದು ಕಂಡು ಹತ್ತಿಸಿಕೊಂಡಿತು. ಒಂಟಿಯಾದ ದೋಣಿಯ 11 ಜನ 18 ದಿನ ತೇಲಿ, ಜೂನ್ 8ರಂದು ಬ್ರೆಜಿಲ್‌ನ ‘ಒಸೋರಿಯೊ’ ಹಡಗಿನ ಕಣ್ಣಿಗೆ ಬಿದ್ದರು. ‘ರಾಬಿನ್ ಮೂರ್’ ಮುಳುಗಿದ್ದು ಜಗತ್ತಿಗೆ ಗೊತ್ತಾದದ್ದೇ ಆಗ. ಮೊದಲೇ ಪಾರಾಗಿದ್ದ ಆ 35 ಜನ ಬದುಕಿದ್ದಾರೆಂಬ ಸುದ್ದಿ ಬಂದದ್ದು ಇನ್ನೂ ತಡವಾಗಿ.